ಹಲ್ಲಿನ ಗುರುತು

ಮೊದಲು ಮೂಸಬೇಕು.
ಹೆಬ್ಬೆರಳಲ್ಲಿ ಮೈಯುಜ್ಜಿ, ಬಿಸಿಯೇರಿದ ಮೇಲೆ
ಮೂಗಿಗೆ ಹಿಡಿದರೆ ಸಣ್ಣಗೆ ಗಂಧಕ ಹೊಡೆಯಬೇಕು.
ಆಗ ಅದು ಎಬೊನೈಟು.
ವಾಸನೆಯಿಲ್ಲದ್ದು ಪ್ಲಾಸ್ಟಿಕ್ಕು,
ನಮಸ್ಕಾರ ಹೇಳಿ ಕೆಳಗಿಡಬೇಕು.

ಈ ವಾಸನೆ ನನಗೆ ಪೆನ್ನಿನಿಂದ ಅಂಟಿದ್ದಲ್ಲ.
ತುಮಕೂರು ಹೊರಪೇಟೆ, ಸೈಕಲ್ ಶಾಪಿನ ಮಹಡಿ,
ನಾನು ಹಲ್ಲಿನ ಸೆಟ್ಟು ಮಾಡುವವನು.
ಕೆಲಸ ಕಲಿಸಿದ ದೇವಸಹಾಯಂ ಮೇಷ್ಟ್ರು
ತಮ್ಮ ಕಾಲದಲ್ಲಿ ರಬ್ಬರಿಗೆ ಗಂಧಕ ಉಣಿಸಿ
ಬಾಯಿಬಿಗಿದ ಹಂಡೆಯಲ್ಲಿ ಬೇಯಿಸಿ
ಮುದುಕರಿಗೆ ಒಸಡು ಮಾಡಿದವರು.
'ಕೆಂಪು ಬೆರೆಸಿದ್ರೆ ಒಸಡು, ಕಪ್ಪು ಬೆರೆಸಿದ್ರೆ ಪೆನ್ನು,
ಒಂದೇ ಹಿಟ್ಟಿನ ಕಡುಬು ಕಣೋ' ಅನ್ನೋರು.
ಅವರು ಹೋದಾಗ ನನ್ನ ಪಾಲಿಗೆ ಬಂದದ್ದು
ಒಂದು ಅರ, ಎರಡು ಹಿತ್ತಾಳೆ ಅಚ್ಚು,
ಕ್ಯಾಪು ಸೀಳಿದ ಒಂದು ಪೆನ್ನು.

ಈಗ ಮೂವತ್ತೊಂಬತ್ತು.
ಪೆನ್ಸಿಲ್ಲು ಬೇರೆ, ತಿರುಪಿದರೆ ಕಡ್ಡಿ ಬರುವಂಥವು, ಹನ್ನೊಂದು.
ಬೆಳಕು ತಾಗದ ಡ್ರಾಯರಿನಲ್ಲಿ, ಸುಣ್ಣದ ದವಡೆಗಳ ಪಕ್ಕ.
ಬಿಸಿನೀರು ತೋರಿಸಬಾರದು ಇವಕ್ಕೆ;
ಗೊತ್ತಿಲ್ಲದೆ ಒಂದನ್ನು ತೊಳೆದೆ,
ಕಾಡಿಗೆಯಂತಿದ್ದದ್ದು ಹಳೇ ಹುಣಸೆಯ ಬಣ್ಣಕ್ಕೆ ತಿರುಗಿತು.
'ಬರೆಯೋದು ಸೊಸೈಟಿ ಚೀಟಿ,
ಅದಕ್ಕೆ ಇಷ್ಟೊಂದು ಪೆನ್ನು' ಎಂದು ಪುಟ್ಟಗೌರಿ
ಡ್ರಾಯರನ್ನು ಮೊಣಕಾಲಲ್ಲಿ ತಳ್ಳಿ ಮುಚ್ಚುತ್ತಾಳೆ.

ಬೇರೆಯವರು ನಿಬ್ಬು ನೋಡುತ್ತಾರೆ, ಕೆತ್ತಿದ ಹೆಸರು ನೋಡುತ್ತಾರೆ.
ನನ್ನ ಕಣ್ಣು ತುದಿಗೇ ಹೋಗುತ್ತದೆ, ಕಚ್ಚಿದಲ್ಲಿಗೆ.
ಇವನಿಗೆ ಮೇಲಿನ ಕೋರೆ ತಿರುಚಿತ್ತು.
ಇವನು ನಿದ್ದೆಯಲ್ಲಿ ಹಲ್ಲು ಕಡಿಯುವ ಪೈಕಿ.
ಇವನಿಗೆ ಎಡಗಡೆ ನೋವಿರಬೇಕು, ಪಾಪ,
ಲೆಕ್ಕವೆಲ್ಲ ಬಲಗಡೆಯಿಂದಲೇ ಮಾಡಿದ್ದಾನೆ.

ಹೋದ ಮಾಘದಲ್ಲಿ ಸಿರಾದ ನೂರುಲ್ಲಾನ ಗುಜರಿಯಲ್ಲಿ
ಒಂದು ಜೋಡಿ ಸಿಕ್ಕಿತು, ಪೆನ್ನು ಪೆನ್ಸಿಲ್ಲು, ಮಖಮಲ್ಲು ಉದುರಿದ ಡಬ್ಬಿ.
'ಪಾವಗಡದ ಅಮಲ್ದಾರರದು ಕಣಣ್ಣ.
ಇದ್ರಲ್ಲಿ ರುಜು ಬಿದ್ರೇನೇ ಕೆರೆ ತೂಬು ಎತ್ತೋರಂತೆ.
ನಾಲ್ಕು ಸಾವಿರ.'
ಪೆನ್ನಿನ ಒಂದು ಮಗ್ಗುಲು ಕಪ್ಪು,
ಇನ್ನೊಂದನ್ನು ಪಾವಗಡದ ಬಿಸಿಲು ಕಿಟಕಿಯಿಂದ ಬಂದು
ರೊಟ್ಟಿಯಂತೆ ಸುಟ್ಟಿತ್ತು.
ಅದರಲ್ಲಿ ಒಂದೂ ಹಲ್ಲಿನ ಗುರುತಿಲ್ಲ.
ಅಮಲ್ದಾರರಿಗೆ ಯೋಚಿಸುವ ಪ್ರಮೇಯ ಬಂದಿರಲಿಲ್ಲವೇನೋ.

ಪೆನ್ಸಿಲ್ಲಿನ ಹಿಂಬದಿಗೆ ಮಸೂರ ಹಿಡಿದೆ.
ಗುಂಡಿಗಳು. ಚಿಕ್ಕವು. ನಡುವೆ ಒಂದು ಹಲ್ಲಿನ ಜಾಗ ಖಾಲಿ.
ಪಕ್ಕದಲ್ಲಿ ಗರಗಸದಂಥ ಗೀರು, ಮೂರು ಮೊನೆ.
ಹೊಸದಾಗಿ ಹುಟ್ಟಿದ ಬಾಚಿಹಲ್ಲಿಗೆ
ಮೂರು ಪುಟ್ಟ ಗೋಪುರಗಳಿರುತ್ತವೆ,
ಮುದ್ದೆ ನುಂಗುವ ಊರಲ್ಲೂ ಎರಡು ಮೂರು ವರ್ಷಕ್ಕೆ ಸವೆಯುತ್ತವೆ.
ಅಂದರೆ ಏಳು ವರ್ಷ, ಹೆಚ್ಚೆಂದರೆ ಎಂಟು.

ಯಾರ ಮಗು? ಅಮಲ್ದಾರರದೋ, ಪಂಖ ಎಳೆಯುವವನದೋ,
ಕಸ ಗುಡಿಸುವವಳ ಸೆರಗು ಹಿಡಿದು ಬಂದದ್ದೋ.
ಈ ರಬ್ಬರು ಕಹಿ, ನಾನೂ ನೆಕ್ಕಿ ಬಲ್ಲೆ.
ಅದು ಬಿಟ್ಟಿಲ್ಲ. ತಿರುಗಿಸಿ ತಿರುಗಿಸಿ ಕಚ್ಚಿದೆ.

ನೂರುಲ್ಲಾನಿಗೆ ಹೇಳಲಿಲ್ಲ.
ಅಮಲ್ದಾರರ ರೇಟನ್ನೇ ಕೊಟ್ಟೆ, ಇನ್ನೂರು ಬಿಡಿಸಿಕೊಂಡು.

ನನ್ನ ಮೇಜಿನ ಮೇಲೆ ಪಾಲಿಶ್ ಗಾಲಿಯಿದೆ, ನೊರೆಗಲ್ಲಿನ ಪುಡಿಯಿದೆ,
ಎರಡು ನಿಮಿಷದಲ್ಲಿ ಆ ಗುಂಡಿಗಳೆಲ್ಲ ಮಾಯ.
ಗಾಲಿ ತಿರುಗಿಸಲಿಲ್ಲ.
ಕೊಬ್ಬರಿಎಣ್ಣೆ ಒಂದು ಹನಿ ಬಿಟ್ಟು, ಸೂಜಿಯಲ್ಲಿ ಕೆದಕಿ,
ಮೂರನೇ ದಿನ ತಿರುಪು ಸಡಿಲಾಯಿತು;
ಅಕ್ಕಿಕಾಳಿನಷ್ಟು ಕಡ್ಡಿ ಹೊರಗೆ ಇಣುಕಿತು.
ಚೀಟಿಯ ಮೇಲೆ ಗೀಚಿದರೆ ಬರೀ ಬೂದಿ.
ಅಭ್ಯಾಸಬಲ, ನಾಲಿಗೆಗೆ ತಾಗಿಸಿ ಮತ್ತೆ ಗೀಚಿದೆ,
ಗಾಢ ನೇರಳೆ!

'ಏನ್ರೀ ತಿಂದಿದ್ದು?' ಪುಟ್ಟಗೌರಿ ಬಾಗಿಲಲ್ಲಿ.
'ನೇರಳೆಹಣ್ಣಿನ ಕಾಲ ಅಲ್ಲವಲ್ಲ. ಎಲ್ಲಿ, ಆ ಅನ್ನಿ.'

ಊರಿನ ಬಾಯನ್ನೆಲ್ಲ ತೆರೆಸಿದವನು
ಪೆನ್ಸಿಲ್ಲನ್ನು ಬೆನ್ನ ಹಿಂದೆ ಮರೆಮಾಡಿ
ತುಟಿ ಬಿಗಿದು ನಿಂತೆ.